ಉಚ್ಚೆಂಗಮ್ಮನ ಒಲೆ

ವಿರೂಪಾಕ್ಷನ ಗುಡಿ, ವಿಠ್ಠಲನ ಕಲ್ಲಿನ ರಥ, ಕಮಲ ಮಹಲು, ಕೊನೆಗೆ ಅಣೆಕಟ್ಟು... ಎರಡೇ ದಿನದಲ್ಲಿ ಎಲ್ಲ ನೋಡಿ ಮುಗಿಸಿದ ಹೆಮ್ಮೆಯಲ್ಲಿ ನಾವು ಐವರು ಮೇಷ್ಟರು ಟಿ.ಬಿ. ಡ್ಯಾಂನ ಚಹದಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ೧೯೮೪ರ ಆಷಾಢದ ಸಂಜೆ. ಮಳೆ ನಿಲ್ಲಲಿಲ್ಲ, ಬಸ್ಸು ಬರಲಿಲ್ಲ. ಹಿನ್ನೀರಿನಲ್ಲಿ ಯಾತ್ರಿಕರನ್ನು ಹರಿಗೋಲಿನಲ್ಲಿ ಸುತ್ತಾಡಿಸುವ ಮುದುಕ ಜಂಬಯ್ಯ ಪಕ್ಕದ ಬೆಂಚಿನಲ್ಲಿ ಕೂತಿದ್ದ. "ಇನ್ನು ಇಲ್ಲಿ ನೋಡೋದು ಏನೂ ಉಳಿದಿಲ್ಲ, ಅಜ್ಜಾ" ಎಂದೆ. ಅವನಿಗೆ ಸಿಟ್ಟೇ ಬಂತು.

"ಏನ್ ನೋಡೀರಿ ಮಾಸ್ತರ್ರಾ? ನೀರಿನ ಮ್ಯಾಲಿಂದು ನೋಡೀರಿ. ಒಳಗಿಂದು? ಕುಂದ್ರಿ, ಹೇಳ್ತೀನಿ...

"ಈ ಡ್ಯಾಂ ಕಟ್ಟಿದಾಗ ನಮ್ಮೂರು ಮುಳುಗ್ತು. ಊರು ಬಿಡೋರು ತಮ್ಮ ಮನಿ ಒಲಿ ಒಡದು ಬರಬೇಕು, ಅದು ನಮ್ಮ ಹಿರೇರ ಪದ್ಧತಿ. ಒಡೀದ ಬಂದ್ರ, ನಮ್ಮೋರು ಇಲ್ಲೇ ಅದಾರ ಅಂತ ಆ ಮನಿಗೆ ಆಸಿ ಉಳೀತೈತಂತ. ಎಲ್ಲಾರೂ ಒಡದ್ರು. ನಾ ಹೆಂಗ ಒಡೀಲ್ರಿ? ನನ್ನ ಹೇಣ್ತಿ ಉಚ್ಚೆಂಗಮ್ಮ ಹಿಂದಿನ ವರ್ಷ ಜ್ವರದಾಗ ಹೋಗಿದ್ಲು. ಆ ಒಲಿ ಆಕಿನ ಕಟ್ಟಿದ್ದು. ಮಣ್ಣಿನ ಮ್ಯಾಲೆ ಆಕಿ ಬೆರಳಿನ ಗುರುತು ಹಂಗ ಇದ್ವು... ಒಡದೀನಿ ಅಂತ ಸುಳ್ಳು ಹೇಳಿ ಬಂಡಿ ಹತ್ತಿದೆ.

"ಹೊಸ ಊರಾಗ ಭರಮಮ್ಮನ್ನ ಲಗ್ನ ಆದೆ. ಭಾಳ ಒಳ್ಳೇಕಿ, ಪಾಪ. ಆದ್ರ ಆಕಿ ಹಚ್ಚಿದ ಒಲಿ ನಿಲ್ಲವಲ್ದು! ಒಣಾ ಕಟಗಿ ಇಟ್ಲು, ಸೀಮೆಎಣ್ಣಿ ಹಾಕಿದ್ಲು, ಬುಸ್ಸಂತ ಆರ್ತಿತ್ತು. ಹತ್ತು ವರ್ಷ ನೆರೆಮನಿ ಒಲಿ ಮ್ಯಾಲೆ ಅಡಿಗಿ ಮಾಡಿದ್ಲು. ಕೊನಿಗೆ ಕೇಳಿದ್ಲು, 'ಖರೇ ಹೇಳ್ರಿ, ಆ ಒಲಿ ಒಡದೀರೇನು?' ನಾ ತಲಿ ತಗ್ಗಿಸಿದೆ. 'ಬ್ಯಾಸಿಗಿಗೆ ನೀರು ಇಳೀತೈತಿ, ಒಡದು ಬರ್ರಿ. ಇಲ್ಲಂದ್ರ ನಾ ತವರಿಗೆ ಹೋಗ್ತೀನಿ' ಅಂದ್ಲು. ಆಕಿದೇನ್ ತಪ್ಪು?

"ಅರವತ್ತಾರನೇ ಇಸ್ವಿ. ನಡು ಮಧ್ಯಾಹ್ನ. ಹರಿಗೋಲು ದಂಡಿಗೆ ಬಿಟ್ಟು, ಗುದ್ಲಿ ಹೆಗಲಿಗಿಟ್ಟು ಕೆಸರಾಗ ನಡದೆ. ಗಾಳಿ ಇಲ್ಲ, ಹಕ್ಕಿ ಇಲ್ಲ... ಕನಸಿನ್ಯಾಗ ನಡದಂಗ. ಊರ ಗ್ವಾಡಿ ಎಲ್ಲ ಕರಗಿ ಹೋಗಿದ್ವು. ನಮ್ಮ ಒಲಿ ಒಂದ ನಿಂತಿತ್ತು. ಹದಿಮೂರು ವರ್ಷ ನೀರಾಗಿದ್ದ ಮಣ್ಣು, ಮುಟ್ಟಿದ್ರ ಬೆಚ್ಚಗ! ಮ್ಯಾಲೆ ಒಂದು ಜ್ವಾಳದ ರೊಟ್ಟಿ ಉಬ್ಬಿತ್ತು. ಗುದ್ಲಿ ಎತ್ತಿದೆ...

"'ಉಂಡು ಒಡೀರಿ' ಅಂದ್ಲು, ಹಿಂದಿನಿಂದ.

"ಆ ದನಿ ಮರೀತೀನೇನ್ರಿ? ತಿರುಗಿ ನೋಡ್ಲಿಲ್ಲ. ಕುಂತೆ. ಅಳ್ತಾ ಅಳ್ತಾ ಉಂಡೆ. ಉಂಡ ಮನಿ ಜಂತಿ ಎಣಸಬಾರ್ದು ಅಂತಾರ, ಇನ್ನ ಒಲಿ ಒಡ್ಯಾಕ ಆಗ್ತೈತೇನ್ರಿ? ಸಂಜಿಗೆ ಮನಿಗೆ ಬಂದೆ. ಭರಮಮ್ಮ ನನ್ನ ಮಾರಿ ನೋಡಿದ್ಲು, ಗಂಟು ಕಟ್ಟಿ ತವರಿಗೆ ಹೋದ್ಲು. ಅವತ್ತಿಂದ ನನ್ನ ಮನ್ಯಾಗ ಯಾರೂ ಒಲಿ ಹಚ್ಚಿಲ್ಲ."

"ಹಾಗಾದರೆ ಇಷ್ಟು ವರ್ಷ ನಿನ್ನ ಊಟ, ಅಜ್ಜಾ?" ಎಂದು ನಾನು ಕೇಳಿದೆ.

ಜಂಬಯ್ಯ ಮಳೆಯಲ್ಲೇ ಎದ್ದು ಹಿನ್ನೀರಿನ ಕಡೆ ಹೊರಟ. "ಈಗ ಅಲ್ಲಿ ಮೂರಾಳುದ್ದ ನೀರೈತಿ" ಎಂದ, ಪ್ರೀತಿಯಿಂದ ನಗುತ್ತಾ. "ಆದ್ರ ರೊಟ್ಟಿ ಇನ್ನೂ ಬಿಸೀನ ಇರ್ತೈತ್ರಿ..."