ತೊಲಿಗೆ ಕಟ್ಟಿದ ಗಂಟು

...ತೊಟ್ಲಾ ಆ ಕಡಿ ಖೋಲ್ಯಾಗ ಕಟ್ರಿ ಅಂದ್ರ ಯಾಕ ನಗ್ತೀರಿ, ಗುರಮ್ಮವ್ವ? ಅಲ್ಲಿ ಗಾಳಿ ಛಲೋ ಬರ್ತದ. ಭುವನೇಶ್ವರಿ ಬಾಣಂತಿ, ನಿಮ್ಮ ಮಗಳು, ಆಕಿಗೂ ಆರಾಮ, ಕೂಸಿಗೂ ಆರಾಮ. ಗೌಂಡಿ ಕಲ್ಲಿನಾಥಗ ಹೆಸರಿಡೋ ಕಾರ್ಯದ ಉಸಾಬರಿ ಯಾಕಂತೀರೇನು? ಅನ್ರಿ, ಅನ್ರಿ. ಏನಿಲ್ಲ... ಹಂಗ ಅನಿಸ್ತು.

ಗುಂಡಕಲ್ಲ ಇದಕ್ಕಿಂತ ಸಣ್ಣದು ಸಿಗಲಿಲ್ಲೇನು? ಗೊತ್ತದ್ರಿ, ಕೂಸಿಗಿಂತ ಮೊದ್ಲ ತೊಟ್ಲಾಗ ಕಲ್ಲ ಹಾಕಿ ತೂಗೋದು ಪದ್ಧತಿ. ನಮ್ಮವ್ವನೂ ತೂಗಿದ್ಳಂತ. ಆದ್ರ ಮೆಲ್ಲಕ ತೂಗ್ರಿ! ಅಷ್ಟ ಜೋರ ಯಾಕ?... ಇಲ್ಲ, ಇಲ್ಲ, ತೊಲಿಗೇನಾಗ್ತದ? ಏನೂ ಆಗಂಗಿಲ್ಲ!

ಮ್ಯಾಲಿನ ಖೋಲ್ಯಾಗ ಎಷ್ಟ ಮಂದಿ ಕುಂತಾರ ಈಗ? ಕಾಲಿನ ಸಪ್ಪಳ ಭಾಳ ಬರಾಕತ್ತದ. ಊಟಕ್ಕ ಅಂಗಳದಾಗ ಕೂಡಸಬೇಕಿತ್ತು... ಹೌದ್ರಿ, ಆ ಖೋಲಿಗೆ ಫರಸಿ ಕಲ್ಲ ಹಾಸಿದ ಮ್ಯಾಲ ಆನಿ ನಡೆಸ್ರಿ ಅಂತ ನಾನ ಹೇಳಿದ್ದೆ. ಕೆಲಸಾನೂ ಹಂಗ ಮಾಡೇನಿ! ಹಲಗಿ ಮ್ಯಾಲಿನ ಹಳೀ ಮಣ್ಣ ಎಲ್ಲಾ ತಗದು, ಜಂತಿ ನಡುವ ಹೊಸಾ ಜಂತಿ ಕೂಡಿಸಿ, ಹಲಗಿ ಮ್ಯಾಲ ಅಡ್ಡ ಇನ್ನೊಂದ ಹಲಗಿ ಹೊಡದು, ಗೇಣಿಗೊಂದ ಸ್ಕ್ರೂ! ಆಮ್ಯಾಲ ತಂತಿ ಜಾಳಗಿ, ಅದರ ಮ್ಯಾಲ ಫರಸಿ. ಕೆಳಗ ಕಟಗಿ ಅಲಗಿದ್ರ ಮ್ಯಾಲ ಕಲ್ಲ ಬಿರೀತದಂತ ನನಗ ಗೊತ್ತಿಲ್ಲೇನು? ವಾಟಗಾದಾಗ ನೀರಿಟ್ಟು ಬಾಜೂಕ ನಿಂತು ಕುಣದೇನಿ. ನೀವೂ ನೋಡೀರಿ. ನೀರ ಅಲಗಿತ್ತೇನು? ಹೇಳ್ರಿ, ಅಲಗಿತ್ತೇನು? ಇಡೀ ಖಜೂರಿಯಾಗ ಇಂಥಾ ಫರಸಿ ಯಾರ ಮನ್ಯಾಗೂ ಇಲ್ಲ.

ಒಂದೊಂದ ತೊಲಿ ಸುತಗಿಲೆ ಬಡದ ನೋಡೇನ್ರಿ. ಆ ಗ್ವಾಡಿಯಿಂದ ಈ ಗ್ವಾಡಿ ತನಕ. ಎಲ್ಲಾ...

ಯಾಕ, ಮ್ಯಾಲ ಏನ ನೋಡಾಕತ್ತೀರಿ?

ಗಂಟೇನು? ಅದು ನಿಮ್ಮ ಮಾವನೋರು ಕಟ್ಟಿದ್ದಲ್ಲ? ಮನಿ ಕಟ್ಟಿದಾಗ ತೊಲಿ ಪೂಜಿ ಮಾಡಿ ನವಧಾನ್ಯ ಕಟ್ಯಾರ, ಮುಟ್ಟಬ್ಯಾಡ ಅಂತ ನೀವ ತಾಕೀತ ಮಾಡಿದ್ರಿ. ಮುಟ್ಟಲಿಲ್ಲ. ಅದೊಂದ ಜಾಗಾ ಬಿಟ್ಟು ಎಲ್ಲಾ ಬಡದ ನೋಡೇನಿ.

ದಾರಾ?... ಆ ನೀಲಿ ದಾರಾ? ಹಾಂ, ನನ್ನ ದಾರದಂಗ ಅದ. ಗ್ವಾಡಿ ನೆಟ್ಟಗ ಬರಲಿ ಅಂತ ನಾವು ಎಳದ ಕಟ್ತೇವಲ್ಲ, ಅಂಥಾದ್ದು. ಪ್ಯಾಟ್ಯಾಗ ಯಾರಿಗೂ ಸಿಗ್ತದ್ರಿ! ನಿಮ್ಮ ಮಾವನೋರೂ... ಆಗಿನ ಕಾಲಕ್ಕ... ನೈಲಾನ ಇರಲಿಲ್ಲ, ಅಲ್ಲ?

ತೂಗೋದ್ಯಾಕ ನಿಲ್ಲಿಸಿದ್ರಿ? ಏನರ ಅನ್ರಿ, ಗುರಮ್ಮವ್ವ. ಬೈರಿ!

ಮೊನ್ನಿ... ಮೊನ್ನಿ ಇಲ್ಲೇ ನಿಂತಿದ್ದೆ, ತಲಿ ಮ್ಯಾಲ ಹಿಟ್ಟಿನಂಗ ಪುಡಿ ಉದರ್ತು. ಮ್ಯಾಲ ಫರಸಿ ಹಾಕಿ ಮುಗದಿತ್ತು. ಗಂಟ ಬಿಚ್ಚಿದೆ. ಕೈಬಟ್ಟ ಇಟ್ರ ತೊಲಿ ಒಳಗ ಹೋತ್ರಿ, ಪೂರಾ ಬಟ್ಟ! ಒರಲಿ ಹುಳ ಒಳಗೊಳಗ ತಿಂದ ಮಣ್ಣ ಮಾಡ್ಯಾವ. ಸಿಮೆಂಟ ತುಂಬಿ, ಬಣ್ಣ ಬಳದು, ಮತ್ತ ಗಂಟ ಕಟ್ಟಿದೆ. ಹಾಕಿದ ಕಲ್ಲೆಲ್ಲಾ ಕೀಳಬೇಕಾಗ್ತದಂತ... ಆಳಂದದ ತನಕ ನನ್ನ ಹೆಸರ ಹೋಗ್ತದಂತ... ಅಂಜಿದೆ. ಕಾರ್ಯ ಮುಗೀಲಿ, ಆಮ್ಯಾಲ ತೊಲಿ ಕೆಳಗ ಆಸರಿಗೆ ಒಂದ ಕಂಬ ಕೊಟ್ರಾತು ಅಂದ್ಕೊಂಡೆ. ತೊಟ್ಲಾ ಅದಕ್ಕ ಕಟ್ತೀರಂತ ನನಗೇನ ಗೊತ್ತು?

...ಗೊತ್ತಿತ್ರಿ. ತೊಟ್ಲಾ ಕಟ್ಟೋ ಕೊಂಡಿ ಆ ತೊಲಿಗೇ ಅದಾವಲ್ಲ.

ಅಯ್ಯ, ಭುವನೇಶ್ವರಿ ಕೂಸಿನ್ನ ಎತಗೊಂಡ ಬಂದ್ಳು! ಹೇಳ್ರಿ ಆಕಿಗೆ. ನೀವ ಹೇಳ್ರಿ... ಹೇಳಂಗಿಲ್ಲ? ನಾನ ಹೇಳಬೇಕೇನು, ಇಷ್ಟ ಮಂದಿ ಮುಂದ?

ತಂಗೀ! ಅಲ್ಲೇ ನಿಂದ್ರವ್ವ, ಮುಂದ ಬರಬ್ಯಾಡ! ಏ, ಮ್ಯಾಲಿನವ್ರೆಲ್ಲಾ ಕೆಳಗ ಇಳೀರಿ! ಓಡಬ್ಯಾಡ್ರಿ, ಒಬ್ಬೊಬ್ರ ಇಳೀರಿ, ಮೆಲ್ಲಕ... ಈ ತೊಲಿ ಟೊಳ್ಳ ಅದ. ನೋಡಿ ಮುಚ್ಚಿದಾವ ನಾನ.