ಕಾಲು ತೊಳೆದುಕೊಂಡು ಬಂದವರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡಿದರೆ ನೀವೆಲ್ಲ ನೆಮ್ಮದಿಯಾಗಿ ಕೂರುತ್ತೀರಿ, ಸದ್ಯ, ನಮ್ಮ ಕಥೆಯಲ್ಲ ಅಂತ. ಇವತ್ತು ಹಾಗೆ ಕೂರಬೇಡಿ. ಬೆನ್ನು ನೆಟ್ಟಗೆ ಮಾಡಿ ಕೇಳಿ.

ಆ ಶ್ರೀಮಂತನಿಗೆ ಇಟ್ಟಿಗೆ ಗೂಡುಗಳಿದ್ದವು. ಊರೆಲ್ಲ ಅವನನ್ನು ಧಣಿ ಅನ್ನುತ್ತಿತ್ತು. ಅವನು ಕರ್ತನಾದ ಯೇಸುವನ್ನು ನಂಬಿದ, ದೀಕ್ಷಾಸ್ನಾನ ತೆಗೆದುಕೊಂಡ, ಪ್ರಭುದಾಸ ಅಂತ ಹೆಸರಿಟ್ಟುಕೊಂಡ. ಪ್ರಭುವಿನ ದಾಸ! ಎಂಥಾ ಹೆಸರು ನೋಡಿ. ಆದರೆ ಆ ಹೆಸರು ದೀಕ್ಷಾಸ್ನಾನದ ತೊಟ್ಟಿಯಲ್ಲೇ ಉಳಿಯಿತು. ಮನೆಯಲ್ಲಿ ಧಣಿ, ಗೂಡಿನಲ್ಲಿ ಧಣಿ, ಆರಾಧನೆ ಮುಗಿಸಿ ಮೆಟ್ಟಿಲಿಳಿದರೂ ಧಣಿ.

ಅಲ್ಲಿನ ಸಭಾಪಾಲಕರು ಸುಮ್ಮನಿರಲಿಲ್ಲ. "ಯೇಸುಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದ ಹಾಗೆ, ಪವಿತ್ರ ಗುರುವಾರ ಹನ್ನೆರಡು ಜನರ ಪಾದವನ್ನು ಈ ಸಲ ನೀವು ತೊಳೆಯಿರಿ. ಆ ಒಂದು ಸಂಜೆಯಾದರೂ ಎಲ್ಲರೂ ನಿಮ್ಮನ್ನು ಪ್ರಭುದಾಸಣ್ಣ ಅನ್ನಲಿ. ಹಳೆಯ ಮನುಷ್ಯ ಸಾಯದೆ ಹೊಸಬ ಹುಟ್ಟುವುದಿಲ್ಲ" ಅಂದರು.

ಒಪ್ಪಿದ. ನಿಜಕ್ಕೂ ಆಸೆಯಿತ್ತು ಪಾಪ. ಧಣಿಯಾಗಿರುವುದೂ ಸುಸ್ತಿನ ಕೆಲಸವೇ. ಆದರೆ ಹಿಂದಿನ ದಿನ ಅಳುಕು ಶುರುವಾಯಿತು. ಎಂಥೆಂಥವರ ಕಾಲೋ! ಆಳಿನ ಕೈಯಲ್ಲಿ ಹನ್ನೆರಡು ಜನಕ್ಕೂ ಸೋಪು ಕಳಿಸಿ, "ಚೆನ್ನಾಗಿ ಕಾಲು ತೊಳೆದುಕೊಂಡು ಬರಬೇಕಂತೆ" ಅಂತ ಹೇಳಿಸಿದ. ತೊಳೆಸಿಕೊಳ್ಳುವುದಕ್ಕೆ ತೊಳೆದುಕೊಂಡು ಬರಬೇಕು! ನಗುತ್ತೀರಾ? ನಗಿ. ನಿಮ್ಮ ಸರದಿ ಬರುತ್ತದೆ.

ಗುರುವಾರ ಸಂಜೆ ಅವನು ಮಂದಿರದ ಜಗುಲಿಯಲ್ಲಿ ನಿಂತು ನೋಡುತ್ತಿದ್ದ. ಒಬ್ಬೊಬ್ಬರೇ ಅಂಗಳದ ನಲ್ಲಿಯ ಹತ್ತಿರ ಕಾಲುಜ್ಜಿಕೊಂಡು ಒಳಗೆ ಹೋದರು. ಉಳಿದವರು ಇಬ್ಬರು: ಬೆನ್ನು ಬಗ್ಗದ ಒಬ್ಬ ಮುದುಕ, ಇವನ ಗೂಡಿನಲ್ಲೇ ಮಣ್ಣು ತುಳಿಯುವ ಒಬ್ಬ ಹೆಂಗಸು. ಅಷ್ಟರಲ್ಲಿ ನಲ್ಲಿ ನಿಂತಿತು. ಅವಳ ಕೈಯಲ್ಲಿದ್ದದ್ದು ಒಂದು ಚೊಂಬು ನೀರು.

"ಕೂತ್ಕೋ ತಾತ, ಕಾಲು ಕೊಡು" ಅಂದಳು.

"ನಿಂಗೆ ನೀರು ಬೇಡ್ವೇನವ್ವಾ?"

"ನಂದಿರ್ಲಿ. ನಿನ್ನ ಹಿಮ್ಮಡಿ ನೋಡು, ಒಣಗಿದ ಕೆರೆ ಇದ್ದಂಗಿದೆ."

ಬೆರಳ ಸಂದಿಯೆಲ್ಲ ತಿಕ್ಕಿ ತೊಳೆದಳು, ಸೆರಗಿನಲ್ಲಿ ಒರೆಸಿದಳು. ನೀರು ಮುಗಿಯಿತು.

ಪಾದ ತೊಳೆಯುವ ಸೇವೆ ನಡೆದದ್ದೇ ಅಲ್ಲಿ, ಆ ನಲ್ಲಿಯ ಹತ್ತಿರ! ಅವನು ಕಣ್ಣಾರೆ ನೋಡಿದ. ನೋಡಿ ಏನನ್ನಿಸಿತು ಗೊತ್ತಾ? ಹೊತ್ತಾಗುತ್ತಿದೆ ಅನ್ನಿಸಿತು.

ಒಳಗೆ ಬಂದು ಬೋಗುಣಿಯ ಮುಂದೆ ಮಂಡಿಯೂರಿದ. ಸೋಪಿನ ವಾಸನೆಯ ಹನ್ನೊಂದು ಜನರ ಕಾಲಿನ ಮೇಲೆ ನೀರು ಬಿಟ್ಟ. ಸಲೀಸಾಗಿತ್ತು. ತನ್ನ ದೀನತೆಯನ್ನು ತಾನೇ ಮೆಚ್ಚಿ ಕಣ್ಣೂ ಒದ್ದೆಯಾಯಿತು. ಕೊನೆಗೆ ಆ ಹೆಂಗಸಿನ ಕಾಲು ಬಂತು. ಕಣಕಾಲಿನವರೆಗೂ ಒಣಗಿದ ಕೆಮ್ಮಣ್ಣು. ಅವನದೇ ಗೂಡಿನ ಮಣ್ಣು.

ಕೈ ನಿಂತುಬಿಟ್ಟಿತು. ಅವನ ಸಂಕಟ ಅವಳಿಗೇ ಅರ್ಥವಾಗಿ ಮೆತ್ತಗೆ, "ಮುಟ್ಟೋದು ಬೇಡ ಪ್ರಭುದಾಸಣ್ಣ, ಒಂದು ಹನಿ ಹಾಕಿ, ಸಾಕು" ಅಂದಳು.

"ಯಾರೇ ನಿಂಗೆ ಅಣ್ಣ?"

ಇಡೀ ಮಂದಿರಕ್ಕೆ ಕೇಳಿಸಿತು. ಅವಳು ಕಾಲು ಹಿಂದಕ್ಕೆಳೆದುಕೊಂಡಳು. "ತಪ್ಪಾಯ್ತು ಧಣಿ" ಅಂದಳು. ಆ ಗಡಿಬಿಡಿಯಲ್ಲಿ ಅವನ ಬಿಳಿ ಪಂಚೆಯ ಮೇಲೆ ಚೆಲ್ಲಿದ ನೀರನ್ನು ತನ್ನ ಸೆರಗಿನಲ್ಲೇ ಒರೆಸಿದಳು.

ಅಲ್ಲಿಗೆ ಪ್ರಭುದಾಸ ಸತ್ತ. ಧಣಿ ಎದ್ದು ನಿಂತ. ಸಾಯಬೇಕಾದವನು ಬದುಕಿಕೊಂಡ, ಬದುಕಬೇಕಾದವನು ಸತ್ತ! ಬೋಗುಣಿಯ ನೀರು ತಿಳಿಯಾಗಿಯೇ ಉಳಿಯಿತು.

ಈಗ ಯಾಕೆ ಯಾರೂ ನಗುತ್ತಿಲ್ಲ? ತಪಸ್ಸಿನ ಕಾಲದಲ್ಲಿ ಮಾಂಸ ಬಿಟ್ಟೆ, ಸಿನಿಮಾ ಬಿಟ್ಟೆ ಅಂತ ಹೇಳಿಕೊಂಡು ಓಡಾಡುತ್ತೀರಲ್ಲ, ಯೇಸುಸ್ವಾಮಿ ಏನಂದರು? ತನ್ನನ್ನು ತಾನೇ ನಿರಾಕರಿಸಲಿ ಅಂದರು. ಮಾಂಸವನ್ನು ನಿರಾಕರಿಸಲಿ ಅನ್ನಲಿಲ್ಲ. ನಿಮ್ಮೊಳಗಿನ ಧಣಿಯನ್ನು ಬಿಟ್ಟಿರಾ? ಆಫೀಸರನ್ನು ಬಿಟ್ಟಿರಾ? ದೊಡ್ಡ ಮನೆತನವನ್ನು ಬಿಟ್ಟಿರಾ? ಪಾತ್ರೆ ತೊಳೆಯಲು ಬರುವವಳ ಲೋಟ ನಿಮ್ಮ ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಬೋರಲು ಕೂತಿದೆಯಲ್ಲ, ಅದನ್ನು ಅಲ್ಲಿಟ್ಟವರು ಯಾರು? ಹೊಸ ಮನುಷ್ಯನೋ, ಹಳೆಯವನೋ?

ಇವತ್ತು ಮನೆಗೆ ಹೋದವರೇ ಮೊದಲು ಆ ಲೋಟವನ್ನು ಒಳಗೆ ತನ್ನಿ. ನಿಮ್ಮ ಲೋಟಗಳ ಸಾಲಿನಲ್ಲೇ ಇಡಿ. ಅವಳು ಅಕ್ಕಾ ಅಂತ ಕರೆದರೆ ಮುಖ ಗಂಟಿಕ್ಕಬೇಡಿ, ಓಗೊಡಿ. ಬರುವ ಗುರುವಾರ ಇಲ್ಲೂ ಬೋಗುಣಿ ಇಡುತ್ತೇವೆ.

ಯಾರೂ ಕಾಲು ತೊಳೆದುಕೊಂಡು ಬರಬೇಡಿ.