ಬಾಗಿಲಿಗೆ ಅಂಟಿದ ಚೀಟಿ

ಚೊಂಜು ಊರಿನ ಬಸ್ ತಂಗುದಾಣದಲ್ಲಿ ನಿವೃತ್ತ ಮೇಷ್ಟರು ಪ್ಯೊನ್ ತಕ್‌ಗ್ಯು ಕುಳಿತಿದ್ದರು. ಪಕ್ಕದಲ್ಲಿ ಒಬ್ಬ ತಾಯಿ, ಆಕೆಯ ಮಗ. ನಾಳೆ ಮನೆ ಬದಲಿಸುವವರೆಂದು ಮಾತಿನಿಂದಲೇ ತಿಳಿಯಿತು.

“ನಿನ್ನ ಮಗಳು ಹಾರಿನ್ ಇವತ್ತೂ ಎದ್ದ ಕೂಡ್ಲೆ ಮನೆಯೆಲ್ಲ ಸುತ್ತಿ ಚೀಟಿ ಓದಿದ್ಲು ಕಣೋ. ಗಡಿಯಾರ, ಫ್ರಿಜ್ಜು, ಬಾಗಿಲು.”

“ನಾಲ್ಕು ವರ್ಷಕ್ಕೇ ಅಷ್ಟು ಓದ್ತಾಳಂದ್ರೆ, ಅವಳಮ್ಮ ಒಂದೊಂದರ ಮೇಲೂ ಅದರ ಹೆಸರು ಬರೆದು ಅಂಟಿಸಿದ್ದಕ್ಕೇ.”

“ಆಕೆ ತೀರಿಕೊಂಡು ನೂರು ದಿನ ಆಯ್ತು. ಗಡಿಯಾರದ ಚೀಟಿ ಗಡಿಯಾರದ ಜೊತೆ ಬರುತ್ತೆ. ಬಾಗಿಲಿಂದು?”

“ಕೀಳೋಕೆ ನೋಡಿದೆ ಅಮ್ಮ. ಹರಿಯುತ್ತೆ.”

ಮಗನ ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

“ಹೊಸದು ನಾನೇ ಬರೀತೀನಿ ಬಿಡು,” ಎಂದರು ತಾಯಿ.

“ಮೊನ್ನೆ ನೀನು ಬರೆದ ಕಾಗೆ ಕಾಲು ಗುಬ್ಬಿ ಕಾಲು ನೋಡಿ, ‘ಇದು ಅಮ್ಮಂದಲ್ಲ’ ಅಂತ ಓದ್ಲೇ ಇಲ್ವಲ್ಲ ಅವಳು.”

“ಆಹಾ, ನೀನು ಬರೆದಿದ್ದು ಓದಿಬಿಟ್ಲು ನೋಡು!”

“ಓದ್ಲಿಲ್ಲ. ಅದಕ್ಕೇ ಮನೆ ಮಾಲೀಕರ ಹತ್ರ ಬಾಗಿಲನ್ನೇ ಕೇಳಿದೆ.”

“ತಲೆ ಕೆಟ್ಟಿದೆಯೇನೋ! ಬೈದ್ರಾ?”

“ಇಲ್ಲ. ಯಾವ ಬಾಗಿಲು ಅಂದ್ರು. ಮಲಗೋ ಕೋಣೇದು ಅಂದೆ. ಬಿಚ್ಚೋವಾಗ ಹಿಡ್ಕೊಳ್ಳೋಕೆ ಬರ್ತೀನಿ ಅಂದ್ರು.”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಮೇಷ್ಟರು ಹತ್ತಬೇಕಾಗಿದ್ದ ಬಸ್ಸೂ ಅದೇ ಆಗಿತ್ತು, ಅವರು ಏಳಲಿಲ್ಲ.